ಮೆದುಳಲ್ಲಿ ರಕ್ತಸ್ರಾವ, ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್: ಯಲ್ದೂರಿನ ರೋಗಿ ಯಾವ ಯೋಜನೆಗೆ ಸೇರಬೇಕು?

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಮೇ ತಿಂಗಳು. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯ ಒಂದು ಮಾವಿನ ತೋಟ. ಕಾಯಿ ಕೀಳೋ ಕೆಲಸ ನಡೀತಿದೆ. ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಕ್ರೇಟು ಎತ್ತುವಾಗ ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕೂತುಬಿಡ್ತಾರೆ. "ತಲೆ ಸಿಡಿದೋದಂಗಾಯ್ತು" ಅಂತಾರೆ. ವಾಂತಿ ಆಗುತ್ತೆ. ಒಂದೆರಡು ನಿಮಿಷ ಪ್ರಜ್ಞೆ ತಪ್ಪುತ್ತೆ. ಎಚ್ಚರ ಆದಮೇಲೆ ಎದೆ ಹಿಂಡಿದ ಹಾಗೆ, ಉಸಿರು ಕಟ್ಟಿದ ಹಾಗೆ. ಬಿಸಿಲು ಹೊಡೀತು ಅಂತ ಒಬ್ಬರು, ಗ್ಯಾಸ್ಟ್ರಿಕ್ ಅಂತ ಇನ್ನೊಬ್ಬರು. ಕೊನೆಗೆ ಯಾರದೋ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗ್ತಾರೆ.

ಅಲ್ಲಿ ಎದೆನೋವು ಅಂದ ತಕ್ಷಣ ಇಸಿಜಿ ತೆಗೀತಾರೆ. ತೆಗೀಲೇಬೇಕು. ಇಸಿಜಿಯಲ್ಲಿ ಗೆರೆಗಳು ಮೇಲೆದ್ದಿವೆ. ನೋಡಿದ ಯಾರಿಗಾದರೂ ಅನ್ನಿಸೋದು ಒಂದೇ: ಹಾರ್ಟ್ ಅಟ್ಯಾಕ್. ಹಾಗಿದ್ದರೆ ಮುಂದಿನ ಹೆಜ್ಜೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್.

ಆದರೆ ಈ ಹೆಣ್ಣುಮಗಳ ಹೃದಯದ ರಕ್ತನಾಳದಲ್ಲಿ ಹೆಪ್ಪು ಇಲ್ಲ. ಅವರ ಮೆದುಳಿನ ಒಂದು ರಕ್ತನಾಳ ಒಡೆದಿದೆ. ಹೆಪ್ಪು ಕರಗಿಸುವ ಔಷಧಿ ಆ ರಕ್ತಸ್ರಾವವನ್ನು ಹೆಚ್ಚಿಸುತ್ತೆ. ಜೀವ ಉಳಿಸಬೇಕಾದ ಇಂಜೆಕ್ಷನ್ನೇ ಜೀವ ತೆಗೀಬಹುದು.

ಇದು ನಡೆದ ಘಟನೆ ಅಲ್ಲ, ಊಹೆ. ಯಾವ ಆಸ್ಪತ್ರೆಯ ಮೇಲೂ ಆರೋಪ ಅಲ್ಲ. ಆದರೆ ಇದರ ಒಂದೊಂದು ಹಂತವೂ ವೈದ್ಯಕೀಯವಾಗಿ ಸಾಧ್ಯ, ಪ್ರಪಂಚದ ಬೇರೆ ಬೇರೆ ಕಡೆ ದಾಖಲಾಗಿದೆ. ನಮ್ಮ ಆರೋಗ್ಯ ವ್ಯವಸ್ಥೆ ಇದಕ್ಕೆ ತಯಾರಿದೆಯಾ ಅನ್ನೋದೇ ಈ ಲೇಖನದ ಪ್ರಶ್ನೆ.

ಮೆದುಳಿನ ಪೆಟ್ಟು ಹೃದಯಕ್ಕೆ ಹೇಗೆ ಬೀಳುತ್ತೆ?

ಮೆದುಳನ್ನು ಸುತ್ತಿರುವ ಪೊರೆಗಳ ನಡುವೆ ರಕ್ತ ಸೋರುವುದನ್ನು ಸಬ್‌ಅರಾಕ್ನಾಯ್ಡ್ ಹೆಮರೇಜ್ ಅಂತಾರೆ. ಪೆಟ್ಟು ಬೀಳದೇ ತಾನಾಗಿ ಆಗುವ ಇಂಥ ರಕ್ತಸ್ರಾವಗಳಲ್ಲಿ ಶೇ. 80ಕ್ಕೂ ಹೆಚ್ಚು, ರಕ್ತನಾಳದ ಗೋಡೆ ಬಲೂನಿನಂತೆ ಉಬ್ಬಿ ಒಡೆಯುವುದರಿಂದ ಆಗುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬಿ.ಪಿ. ಮತ್ತು ಧೂಮಪಾನ ದೊಡ್ಡ ಕಾರಣಗಳು.

ನಾಳ ಒಡೆದ ಕ್ಷಣ ತಲೆಬುರುಡೆಯೊಳಗಿನ ಒತ್ತಡ ಏರುತ್ತೆ. ಮೆದುಳು ಅಪಾಯದ ಸಂಕೇತ ಕೊಡುತ್ತೆ, ದೇಹದ ತುಂಬ ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ಪ್ರವಾಹದ ಹಾಗೆ ಹರಿಯುತ್ತವೆ. ಹೃದಯದ ಸ್ನಾಯುವಿನೊಳಗೆ ಇರುವ ನರಗಳ ತುದಿಗಳಿಂದಲೂ ಅದೇ ರಾಸಾಯನಿಕ ಸುರಿಯುತ್ತೆ. ಸ್ನಾಯುವಿನ ಕೋಶಗಳು ಅತಿಯಾಗಿ ಬಿಗಿದು ದಣಿದು ನಿಂತುಬಿಡುತ್ತವೆ.

ಕೋಲಾರದ ಕಡೆಯವರಿಗೆ ಇದನ್ನು ಬೋರ್‌ವೆಲ್ ಭಾಷೆಯಲ್ಲಿ ಹೇಳಬಹುದು. ಸಾವಿರಾರು ಅಡಿ ಕೆಳಗೆ ಇಳಿಸಿದ ಮೋಟಾರು ಚೆನ್ನಾಗೇ ಇರುತ್ತೆ. ಲೈನಿನಲ್ಲಿ ವೋಲ್ಟೇಜ್ ಏಕಾಏಕಿ ಏರಿದಾಗ ಮೋಟಾರು ಟ್ರಿಪ್ ಆಗುತ್ತೆ, ಕೆಲವು ಸಲ ಕಾಯಿಲ್ ಸುಟ್ಟೂ ಹೋಗುತ್ತೆ. ತಪ್ಪು ಇರೋದು ಲೈನಿನಲ್ಲಿ. ನೀವು ಮೋಟಾರು ಮೇಲೆತ್ತಿ ರಿಪೇರಿ ಮಾಡ್ತಾ ಕೂತರೆ ಸಮಸ್ಯೆ ಬಗೆಹರಿಯಲ್ಲ. ಹಾಗಂತ ಟ್ರಿಪ್ ಆದ ಮೋಟಾರಿನ ಕಡೆ ನೋಡದೇ ಇದ್ದರೂ ನೀರು ಬರಲ್ಲ.

ವಿಷಯ ಹೊಸದಲ್ಲ. ಮೆದುಳಿನ ರಕ್ತಸ್ರಾವದ ರೋಗಿಗಳ ಇಸಿಜಿ ವಿಚಿತ್ರವಾಗಿ ಬದಲಾಗುತ್ತೆ ಅನ್ನೋದು 1947ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. 1954ರಲ್ಲಿ ಅಮೆರಿಕದ ಜಾರ್ಜ್ ಬರ್ಚ್ ಮತ್ತು ಸಂಗಡಿಗರು ಅದರ ಮಾದರಿಯನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿದರು: ಆಳವಾಗಿ ತಲೆಕೆಳಗಾದ ಟಿ ಅಲೆಗಳು, ಉದ್ದವಾದ ಕ್ಯೂಟಿ ಅಂತರ. 1990ರಲ್ಲಿ ಜಪಾನಿನ ವೈದ್ಯರು ಇದಕ್ಕೆ ಹತ್ತಿರದ ಇನ್ನೊಂದು ಸ್ಥಿತಿಗೆ 'ತಕೊತ್ಸುಬೊ' ಅಂತ ಹೆಸರಿಟ್ಟರು. ಆಕ್ಟೋಪಸ್ ಹಿಡಿಯುವ ಮಡಕೆಗೆ ಆ ಭಾಷೆಯಲ್ಲಿ ಆ ಹೆಸರು. ಹೃದಯದ ಎಡ ಕೋಣೆ ಬುಡದಲ್ಲಿ ಉಬ್ಬಿ, ಕುತ್ತಿಗೆ ಸಣ್ಣದಾಗಿ, ಆ ಮಡಕೆಯಂತೆ ಕಾಣುತ್ತೆ. ತಕೊತ್ಸುಬೊ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಹೆಂಗಸರು, ಅದರಲ್ಲೂ ಬಹುಪಾಲು ಮುಟ್ಟು ನಿಂತವರು.

ಸಬ್‌ಅರಾಕ್ನಾಯ್ಡ್ ರಕ್ತಸ್ರಾವ ಆದವರಲ್ಲಿ ಅರ್ಧಕ್ಕೂ ಹೆಚ್ಚು ಜನರ ಇಸಿಜಿ ಏರುಪೇರಾಗುತ್ತೆ. ಸುಮಾರು ಮೂರನೇ ಒಂದು ಭಾಗದ ಜನರಲ್ಲಿ ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಹೆಚ್ಚಿರುತ್ತೆ. ಎಕೋ ಮಾಡಿದರೆ ಶೇ. 10ರಿಂದ 30ರಷ್ಟು ಜನರಲ್ಲಿ ಹೃದಯದ ಗೋಡೆಯ ಚಲನೆ ಕುಂದಿರುವುದು ಕಾಣುತ್ತೆ. ಒಳ್ಳೆಯ ಸುದ್ದಿ ಏನಂದ್ರೆ, ಬಹುತೇಕ ಸಂದರ್ಭಗಳಲ್ಲಿ ಈ ದುರ್ಬಲತೆ ದಿನಗಳಲ್ಲಿ ಅಥವಾ ವಾರಗಳಲ್ಲಿ ಸರಿಹೋಗುತ್ತೆ. ಆ ದಿನಗಳನ್ನು ದಾಟಿಸಬೇಕು, ಅಷ್ಟೇ.

ದಾಟಿಸೋದು ಯಾಕೆ ಕಷ್ಟ?

ರಕ್ತಸ್ರಾವ ಆದ ಸುಮಾರು 4ರಿಂದ 14ನೇ ದಿನದವರೆಗೆ ಮೆದುಳಿನ ರಕ್ತನಾಳಗಳು ಬಿಗಿದುಕೊಳ್ಳುವ ಅಪಾಯ ಇರುತ್ತೆ. ಆಗ ಮೆದುಳಿನ ಇನ್ನಷ್ಟು ಭಾಗಕ್ಕೆ ರಕ್ತ ಸಾಲದೇ ಲಕ್ವ ಹೊಡೆಯಬಹುದು. ಇದನ್ನು ಎದುರಿಸಲು ವೈದ್ಯರು ದೇಹದಲ್ಲಿ ನೀರಿನಂಶ, ರಕ್ತದೊತ್ತಡ ಎರಡನ್ನೂ ಕಾಪಾಡಿಕೊಳ್ಳಬೇಕು. ಬೇಕಾದರೆ ಒತ್ತಡ ಏರಿಸಬೇಕು. ಹೃದಯ ಗಟ್ಟಿಯಾಗಿದ್ದರೆ ಇದು ಮಾಡಬಹುದಾದ ಕೆಲಸ. ಹೃದಯ ಆಗಲೇ ದಣಿದಿದ್ದು, ಅದು ಗೊತ್ತಿಲ್ಲದೇ ಡ್ರಿಪ್ ಮೇಲೆ ಡ್ರಿಪ್ ಹಾಕಿದರೆ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತೆ. ಇನ್ನೊಂದು ಕಡೆ, ಈ ರೋಗಿಗಳಿಗೆ 21 ದಿನ ಕೊಡುವ ನಿಮೋಡಿಪಿನ್ ಮಾತ್ರೆ ಬಿ.ಪಿ. ಇಳಿಸುವ ಸ್ವಭಾವದ್ದು. ಹೃದಯ ದುರ್ಬಲವಾಗಿದ್ದರೆ ಆ ಇಳಿತ ಇನ್ನೂ ಅಪಾಯ.

ಇನ್ನೊಂದು ಸಣ್ಣ, ಆದರೆ ಮುಖ್ಯ ವಿಷಯ. ವಾಂತಿ ಆಗ್ತಿದೆ ಅಂತ ಬಂದವರಿಗೆ ಒಂಡನ್ಸೆಟ್ರಾನ್ ಇಂಜೆಕ್ಷನ್ ಕೊಡೋದು ನಮ್ಮ ಎಲ್ಲ ಆಸ್ಪತ್ರೆಗಳಲ್ಲಿ ಮಾಮೂಲು. ಈ ಔಷಧಿ ಕ್ಯೂಟಿ ಅಂತರವನ್ನು ಉದ್ದ ಮಾಡುತ್ತೆ. ಮೆದುಳಿನ ರಕ್ತಸ್ರಾವದಿಂದ ಅದು ಆಗಲೇ ಉದ್ದವಾಗಿದ್ದರೆ, ಪೊಟ್ಯಾಸಿಯಂ ಕೂಡ ಕಡಿಮೆ ಇದ್ದರೆ, ಹೃದಯದ ಲಯ ಪೂರ್ತಿ ತಪ್ಪಬಹುದು. ಒಂದು ಇಸಿಜಿ, ಒಂದು ರಕ್ತಪರೀಕ್ಷೆ ನೋಡಿದ್ದರೆ ಇದು ಮೊದಲೇ ಗೊತ್ತಾಗುತ್ತೆ.

ಅದಕ್ಕೇ 2011ರಲ್ಲಿ ನರರೋಗ ತೀವ್ರ ನಿಗಾ ತಜ್ಞರ ಅಂತರರಾಷ್ಟ್ರೀಯ ಒಮ್ಮತದ ಶಿಫಾರಸು ಒಂದು ಬಂತು. ರೋಗಿ ದಾಖಲಾದಾಗಲೇ ಇಸಿಜಿ, ಟ್ರೋಪೋನಿನ್, ಎಕೋ ಮೂಲಕ ಹೃದಯದ ಸ್ಥಿತಿ ನೋಡಿ, ಅದರಲ್ಲೂ ಹೃದಯ ಸೋಲುತ್ತಿರುವ ಲಕ್ಷಣ ಇದ್ದರೆ ಬಿಡಲೇಬೇಡಿ ಅನ್ನೋದು ಅದರ ಸಾರ. ಇದರಲ್ಲಿ ದುಬಾರಿ ಯಂತ್ರ ಯಾವುದೂ ಇಲ್ಲ.

ಹೃದಯಕ್ಕೊಂದು ಯೋಜನೆ, ಮೆದುಳಿಗೊಂದು ಯೋಜನೆ

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದಲ್ಲಿ ಎರಡು ಒಳ್ಳೆಯ ಯೋಜನೆಗಳಿವೆ. ಎರಡನ್ನೂ ನಾನು ಮನಸಾರೆ ಬೆಂಬಲಿಸ್ತೀನಿ.

ಮೊದಲನೆಯದು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ. 2021ರ ಅಕ್ಟೋಬರ್ 29ರಂದು ಅಪ್ಪು ತೀರಿಕೊಂಡ ಆಘಾತ ಈ ರಾಜ್ಯದ ಯುವಕರು ಯಾರೂ ಮರೆತಿಲ್ಲ. ಅವರ ಹೆಸರಲ್ಲಿ 2023ರಲ್ಲಿ ಶುರುವಾದ ಯೋಜನೆ ಇದು. ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೀತಾರೆ, ತಂತ್ರಜ್ಞಾನದ ಸಹಾಯದಿಂದ ಅದು ಕೆಲವೇ ನಿಮಿಷಗಳಲ್ಲಿ ವಿಶ್ಲೇಷಣೆ ಆಗುತ್ತೆ, ಜಯದೇವದಂಥ ಹಬ್ ಆಸ್ಪತ್ರೆಯ ತಜ್ಞರು ಮಾರ್ಗದರ್ಶನ ಕೊಡ್ತಾರೆ. ಹಾರ್ಟ್ ಅಟ್ಯಾಕ್ ಖಚಿತವಾದರೆ ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. 2025ರಲ್ಲಿ ಹಾಸನದ ಸಾಲು ಸಾಲು ಸಾವುಗಳ ಸುದ್ದಿ ಬಂದ ನಂತರ, ಜುಲೈನಲ್ಲಿ ಸರ್ಕಾರ ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಹೇಳಿತು.

ಎರಡನೆಯದು ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ. ನಿಮ್ಹಾನ್ಸ್, ನೀತಿ ಆಯೋಗ ಮತ್ತು ರಾಜ್ಯ ಸರ್ಕಾರ ಸೇರಿ 2022ರ ಜನವರಿಯಲ್ಲಿ ಶುರು ಮಾಡಿದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಬಗ್ಗೆ ತರಬೇತಿ ಕೊಡೋದು ಇದರ ತಿರುಳು. ಇದರ ಪ್ರಾಯೋಗಿಕ ಜಿಲ್ಲೆಗಳು ಯಾವುವು ಗೊತ್ತಾ? ಬೆಂಗಳೂರು, ಚಿಕ್ಕಬಳ್ಳಾಪುರ ಮತ್ತು ನಮ್ಮ ಕೋಲಾರ. ಅಂದರೆ ಮೆದುಳಿನ ವಿಷಯದಲ್ಲಿ ಕೋಲಾರ ಇಡೀ ರಾಜ್ಯಕ್ಕಿಂತ ಮುಂಚೆ ಪಾಠ ಕಲಿತ ಜಿಲ್ಲೆ.

ಈಗ ಆ ಮಾವಿನ ತೋಟದ ಹೆಣ್ಣುಮಗಳನ್ನು ನೆನಪಿಸಿಕೊಳ್ಳಿ. ಅವರು ಯಾವ ಯೋಜನೆಯ ರೋಗಿ?

ಎದೆನೋವು ಅಂತ ಮೊದಲು ಹೇಳಿದರೆ ಹೃದಯದ ಬಾಗಿಲು. ತಲೆನೋವು ಅಂತ ಮೊದಲು ಹೇಳಿದರೆ ಮೆದುಳಿನ ಬಾಗಿಲು. ಮೊದಲ ಬಾಗಿಲಲ್ಲಿ ಮೆದುಳಿನ ಪ್ರಶ್ನೆ ತಪ್ಪಿಹೋಗಬಹುದು, ಎರಡನೆಯದರಲ್ಲಿ ಹೃದಯದ್ದು. ಕಾಯಿಲೆಗೆ ಈ ವಿಂಗಡಣೆ ಗೊತ್ತಿಲ್ಲ. ಬೆಂಗಳೂರಲ್ಲೂ ನೋಡಿ, ನಿಮ್ಹಾನ್ಸ್‌ನಿಂದ ಜಯದೇವಕ್ಕೆ ಮೂರ್ನಾಲ್ಕು ಕಿಲೋಮೀಟರ್, ಅಷ್ಟೇ. ಯಲ್ದೂರಿನ ಮಟ್ಟದಲ್ಲಿ ಆ ಎರಡೂ ಸಂಸ್ಥೆಗಳ ತಿಳಿವಳಿಕೆ ಒಂದೇ ಹಾಳೆಯ ಮೇಲೆ ಬರಬೇಕು.

ಪಟ್ಟಿಯಲ್ಲಿ ತಪ್ಪಿಹೋಗುವ ಪ್ರಶ್ನೆ

"ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಮುಂಚೆ ಪರಿಶೀಲನಾ ಪಟ್ಟಿ ಇರುತ್ತಲ್ವಾ?" ಅಂತ ಕೇಳಬಹುದು. ಇರುತ್ತೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಇಂಥ ಪಟ್ಟಿಗಳಲ್ಲಿ 'ಹಿಂದೆ ಯಾವಾಗಲಾದರೂ ಮೆದುಳಿನ ರಕ್ತಸ್ರಾವ ಆಗಿತ್ತಾ, ಇತ್ತೀಚೆಗೆ ಪಾರ್ಶ್ವವಾಯು ಆಗಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ಬಿ.ಪಿ. ಹತೋಟಿಯಲ್ಲಿ ಇದೆಯಾ' ಅನ್ನೋ ಪ್ರಶ್ನೆಗಳಿರುತ್ತವೆ.

ಈ ಪ್ರಶ್ನೆಗಳಲ್ಲಿ ಬಹುಪಾಲು ಹಿಂದೆ ಏನಾಗಿತ್ತು ಅನ್ನೋದರ ಬಗ್ಗೆ. ಜೀವನದಲ್ಲಿ ಮೊದಲ ಸಲ, ಅರ್ಧ ಗಂಟೆ ಹಿಂದೆ ಮೆದುಳಲ್ಲಿ ರಕ್ತ ಸೋರಲು ಶುರುವಾದವರು ಅವುಗಳಿಗೆ ಪ್ರಾಮಾಣಿಕವಾಗಿ "ಇಲ್ಲ" ಅಂತಲೇ ಹೇಳ್ತಾರೆ. ಎಲ್ಲ ಚೌಕಗಳಲ್ಲೂ ಟಿಕ್ ಬೀಳುತ್ತೆ. ಇಂಜಿನಿಯರಿಂಗ್ ಓದುವಾಗ ನಮಗೆ ಹೇಳಿಕೊಡ್ತಿದ್ದ ಮಾತು ಇದೇ: ಸೆನ್ಸರ್ ಸರಿಯಾಗಿ ಓದಿದೆ, ಆದರೆ ನೀನು ಅಳೆಯಬೇಕಾದ್ದು ಬೇರೆ ಇತ್ತು. ಇಸಿಜಿ ಯಂತ್ರಕ್ಕೆ ಎಷ್ಟೇ ಬುದ್ಧಿವಂತ ಸಾಫ್ಟ್‌ವೇರ್ ಹಾಕಿ, ಅದಕ್ಕೆ ಕಾಣೋದು ಎದೆಗೆ ಅಂಟಿಸಿದ ತಂತಿಗಳಿಂದ ಬರುವ ಸಂಕೇತ ಮಾತ್ರ. ಆ ಸಂಕೇತದ ಮೂಲ ಹೃದಯದಲ್ಲಿದೆಯಾ, ಮೆದುಳಲ್ಲಿದೆಯಾ ಅನ್ನೋದು ರೋಗಿಯನ್ನು ಕೇಳಿದರೇ ಗೊತ್ತಾಗಬೇಕು.

ಆದ್ದರಿಂದ ಬೇಕಾಗಿರೋದು ಒಂದು ಸೇರ್ಪಡೆ. 'ಈ ನೋವಿನ ಜೊತೆ ಅಥವಾ ಮುಂಚೆ, ಸಿಡಿಲು ಹೊಡೆದ ಹಾಗೆ ಒಮ್ಮೆಲೇ ತಲೆನೋವು ಬಂತಾ? ಪ್ರಜ್ಞೆ ತಪ್ಪಿತ್ತಾ? ಕುತ್ತಿಗೆ ಬಿಗಿದಿದೆಯಾ? ಕೈಕಾಲು, ಮಾತು ತೊದಲಿದೆಯಾ?' ಇದರಲ್ಲಿ ಯಾವುದಕ್ಕಾದರೂ ಹೌದು ಅನ್ನೋ ಉತ್ತರ ಬಂದರೆ, ಹಬ್ ವೈದ್ಯರಿಗೆ ಹೇಳಿ, ಹೆಪ್ಪು ಕರಗಿಸುವ ಔಷಧಿಗೆ ಮುಂಚೆ ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕಾ ಅಂತ ತೀರ್ಮಾನಿಸಬೇಕು. ನೋವು ಶುರುವಾದ 6 ಗಂಟೆಯೊಳಗೆ ಒಳ್ಳೆಯ ಸ್ಕ್ಯಾನರಿನಲ್ಲಿ ಮಾಡಿದ ಸಿ.ಟಿ. ಇಂಥ ರಕ್ತಸ್ರಾವವನ್ನು ಹೆಚ್ಚುಕಡಿಮೆ ತಪ್ಪದೇ ಹಿಡಿಯುತ್ತೆ. ಶ್ರೀನಿವಾಸಪುರದಿಂದ ಕೋಲಾರ ಸುಮಾರು 25 ಕಿ.ಮೀ. ಆ ಆರು ಗಂಟೆಯೊಳಗೆ ತಲುಪಬಹುದಾದ ದೂರ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಕಂಡವರಲ್ಲಿ ಬಹುಪಾಲು ಜನರಿಗೆ ಆಗಿರೋದು ಹಾರ್ಟ್ ಅಟ್ಯಾಕೇ. ಅವರಿಗೆ ಪ್ರತಿ ನಿಮಿಷವೂ ಮುಖ್ಯ, ಆ ಇಂಜೆಕ್ಷನ್ ಜೀವ ಉಳಿಸುತ್ತೆ. ಈ ಲೇಖನ ಓದಿ ಯಾರೂ ಆಸ್ಪತ್ರೆಯಲ್ಲಿ "ಇಂಜೆಕ್ಷನ್ ಬೇಡ" ಅಂತ ಜಗಳ ಆಡಬಾರದು. ಕೇಳಬೇಕಾದ್ದು ಹತ್ತು ಸೆಕೆಂಡಿನ ಪ್ರಶ್ನೆ. ಅದಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಗೋಬಾರದು.

ಎಷ್ಟು ಜನ? ಲೆಕ್ಕ ಹಾಕಿ ನೋಡೋಣ

ಇದು ಅಪರೂಪದ ಕಾಯಿಲೆ, ಇದಕ್ಕೆಲ್ಲ ಯಾಕೆ ಪ್ರೋಟೋಕಾಲ್ ಅಂತ ಅಧಿಕಾರಿಗಳು ಹೇಳಬಹುದು. ಜಾಗತಿಕವಾಗಿ ವರ್ಷಕ್ಕೆ ಪ್ರತಿ ಲಕ್ಷ ಜನರಲ್ಲಿ ಸುಮಾರು 6ರಿಂದ 9 ಜನರಿಗೆ ಸಬ್‌ಅರಾಕ್ನಾಯ್ಡ್ ರಕ್ತಸ್ರಾವ ಆಗುತ್ತೆ. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆ 15 ಲಕ್ಷ ದಾಟಿತ್ತು. ಜಾಗತಿಕ ಸರಾಸರಿ ನಮಗೂ ಅನ್ವಯಿಸುತ್ತೆ ಅಂದುಕೊಂಡರೆ, ಜಿಲ್ಲೆಯಲ್ಲಿ ವರ್ಷಕ್ಕೆ 90ರಿಂದ 135 ಜನ. ಇದು ಒರಟು ಅಂದಾಜು, ನಿಖರ ಲೆಕ್ಕ ಅಲ್ಲ. ಆದರೆ ವಾರಕ್ಕೆ ಇಬ್ಬರು ಅಂದ ಹಾಗಾಯ್ತು. ಬಿ.ಪಿ. ಏರಿ ಮೆದುಳಿನ ಒಳಭಾಗದಲ್ಲೇ ಆಗುವ ರಕ್ತಸ್ರಾವ ಇದಕ್ಕಿಂತ ಹೆಚ್ಚು ಸಾಮಾನ್ಯ. ಅಲ್ಲೂ ಹೃದಯಕ್ಕೆ ಪೆಟ್ಟು ಬೀಳುತ್ತೆ. ಅದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ನಿಖರ ಲೆಕ್ಕ ಬೇಕು ಅಂದರೆ ಸಾವುಗಳನ್ನು ಸರಿಯಾಗಿ ದಾಖಲಿಸಬೇಕು. ಹಾಸನದ ಪ್ರಕರಣ ಕಲಿಸಿದ ಪಾಠ ಇದೇ. ಇದ್ದಕ್ಕಿದ್ದಂತೆ ಕುಸಿದು ಸತ್ತವರೆಲ್ಲ ಸುದ್ದಿಯಲ್ಲಿ 'ಹೃದಯಾಘಾತ' ಆದರು. ವಾಟ್ಸಾಪ್‌ನಲ್ಲಿ ಕೋವಿಡ್ ಲಸಿಕೆಯ ಮೇಲೆ ಆರೋಪ ಓಡಾಡಿತು, ಮುಖ್ಯಮಂತ್ರಿಗಳೂ ಆ ಅನುಮಾನ ಆಡಿದರು. ಜಯದೇವದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಒಂದೊಂದು ಸಾವನ್ನೂ ಬಿಡಿಸಿ ನೋಡಿದಾಗ, ಕೆಲವು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಅಂತ ಗೊತ್ತಾಯ್ತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಆಗ ಸರ್ಕಾರ ಹೇಳಿತು. ಆ ಮಾತು ಜಾರಿಯಾಗಬೇಕು, ಮತ್ತು ಆ ಪರೀಕ್ಷೆಯಲ್ಲಿ ಎದೆಯ ಜೊತೆ ತಲೆಯನ್ನೂ ನೋಡಬೇಕು. ಮೆದುಳಿನ ಈ ರಕ್ತಸ್ರಾವ ಆದವರಲ್ಲಿ ನೂರಕ್ಕೆ ಹತ್ತು ಹದಿನೈದು ಜನ ಆಸ್ಪತ್ರೆ ಮುಟ್ಟುವ ಮುಂಚೆಯೇ ಸಾಯ್ತಾರೆ. ನಮ್ಮೂರುಗಳಲ್ಲಿ ಅವರ ಹೆಸರಿನ ಮುಂದೆ ಏನಂತ ಬರೆದಿರ್ತಾರೆ, ನೀವೇ ಯೋಚನೆ ಮಾಡಿ.

ಹಾಗಾದರೆ ಏನು ಮಾಡಬೇಕು?

ಒಂದು, ಹೃದಯ ಜ್ಯೋತಿಯ ಇಸಿಜಿ ಅರ್ಜಿಯಲ್ಲಿ ಮೇಲೆ ಹೇಳಿದ ತಲೆನೋವಿನ ಪ್ರಶ್ನೆ ಕಡ್ಡಾಯ ಆಗಬೇಕು. ಸಾಫ್ಟ್‌ವೇರಿನಲ್ಲಿ ಒಂದು ಚೌಕ ಸೇರಿಸುವ ಕೆಲಸ. ಅದಕ್ಕೆ ಹೊಸ ಬಜೆಟ್ ಬೇಡ.

ಎರಡು, ಮೆದುಳಿನ ರಕ್ತಸ್ರಾವ ಅಂತ ಗೊತ್ತಾದ ಪ್ರತಿ ರೋಗಿಗೂ ಮೊದಲ ದಿನವೇ ಇಸಿಜಿ ಮತ್ತು ಟ್ರೋಪೋನಿನ್. ಅವುಗಳಲ್ಲಿ ವ್ಯತ್ಯಾಸ ಕಂಡರೆ, ಬಿ.ಪಿ. ಕುಸಿದರೆ, ಉಸಿರು ಕಷ್ಟ ಆದರೆ ಎಕೋ. ನಂತರದ ದಿನಗಳಲ್ಲಿ ಮತ್ತೆ ಮತ್ತೆ ಪರೀಕ್ಷೆ. ಮೆದುಳು ಆರೋಗ್ಯ ಉಪಕ್ರಮದ ತರಬೇತಿಯಲ್ಲಿ ಇದೊಂದು ಪಾಠ ಆಗಬೇಕು. ಪ್ರಾಯೋಗಿಕ ಜಿಲ್ಲೆಯಾಗಿದ್ದ ಕೋಲಾರದಲ್ಲೇ ಮೊದಲು ಮಾಡಿ ನೋಡಬಹುದು.

ಮೂರು, ರೆಫರಲ್ ಚೀಟಿಯ ಜೊತೆ ಮೊದಲ ಇಸಿಜಿಯ ಪ್ರತಿ ಹೋಗಬೇಕು. ತಾಲ್ಲೂಕಿನಿಂದ ಕೋಲಾರ, ಕೋಲಾರದಿಂದ 70 ಕಿ.ಮೀ. ದೂರದ ಬೆಂಗಳೂರು, ಹೀಗೆ ಮೂರು ಕಡೆ ಅಲೆಯುವ ರೋಗಿಯ ಹೃದಯ ಮೊದಲು ಹೇಗಿತ್ತು, ಈಗ ಹೇಗಿದೆ ಅಂತ ಹೋಲಿಸಲು ಬೇರೆ ದಾರಿ ಇಲ್ಲ.

ಈ ತಾಲ್ಲೂಕಿಗೆ ಆರೋಗ್ಯ ರಾಜಕಾರಣ ಹೊಸದೇನಲ್ಲ. ಶ್ರೀನಿವಾಸಪುರದಿಂದ ಗೆದ್ದಿದ್ದ ಕೆ.ಆರ್. ರಮೇಶ್ ಕುಮಾರ್ 2016ರಿಂದ 2018ರವರೆಗೆ ಆರೋಗ್ಯ ಸಚಿವರಾಗಿದ್ದರು. 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರ ಮತ್ತು ರೋಗಿಗಳ ಹಕ್ಕಿನ ಕಾಯ್ದೆ ತಂದಾಗ ವೈದ್ಯರು ಬೀದಿಗಿಳಿದರು, ಕಾಯ್ದೆ ಮೆತ್ತಗಾಗಿ ಪಾಸಾಯ್ತು. ಆಗ ಚರ್ಚೆ ಆಗಿದ್ದು ಹಣದ ಬಗ್ಗೆ. ಇವತ್ತು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ, ಉಚಿತ ಇಂಜೆಕ್ಷನ್ ಇದೆ. ಯಾರಿಗೆ ಯಾವ ಪರೀಕ್ಷೆ, ಯಾವಾಗ ಅನ್ನೋ ಚರ್ಚೆ ಮಾತ್ರ ವೈದ್ಯರ ಕೋಣೆಯಿಂದ ಹೊರಗೆ ಬಂದೇ ಇಲ್ಲ.

ಅದನ್ನು ಹೊರಗೆ ತರೋಕೆ ನೀವು ಡಾಕ್ಟರ್ ಆಗಿರಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ, ಶಾಸಕರ ಕಚೇರಿ ಇದೆ. ಅಲ್ಲಿ ಕೇಳಿ: ಇಸಿಜಿ ತೆಗೆಯುವಾಗ ತಲೆನೋವಿನ ಬಗ್ಗೆ ಕೇಳ್ತೀರಾ? ಮೆದುಳಿನ ರಕ್ತಸ್ರಾವದ ರೋಗಿಗೆ ಟ್ರೋಪೋನಿನ್ ಮಾಡ್ತೀರಾ? ರೆಫರ್ ಮಾಡುವಾಗ ಇಸಿಜಿ ಕೊಟ್ಟು ಕಳಿಸ್ತೀರಾ?

ಮನೆಯಲ್ಲೂ ಒಂದು ಕೆಲಸ ಇದೆ. ಅಮ್ಮನೋ ಚಿಕ್ಕಮ್ಮನೋ "ಇಂಥ ತಲೆನೋವು ಹುಟ್ಟಿದಾಗಿನಿಂದ ಬಂದಿಲ್ಲ" ಅಂದರೆ ಅದನ್ನು ಗ್ಯಾಸ್ಟ್ರಿಕ್ ಮಾಡಬೇಡಿ, ಬಿಸಿಲಿನ ಲೆಕ್ಕಕ್ಕೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಎದೆನೋವಿನ ಜೊತೆ ಆ ತಲೆನೋವನ್ನೂ, ಅದು ಶುರುವಾದ ಸಮಯವನ್ನೂ ತಪ್ಪದೇ ಹೇಳಿ. ಯಾರೂ ಕೇಳದೇ ಇದ್ದರೂ ಹೇಳಿ.